ಬಾಚಿಕೊಳ್ಳುತ್ತಿದ್ದೆ, ಮುಡಿದುಕೊಳ್ಳುತ್ತಿದ್ದೆ

ಹೂವಿನಹಡಗಲಿ

ಪುಟ್ಟಿ,

ಸ್ಪ್ಯಾನಿಷ್‌ನ ಆತ್ಮಾರ್ಥಕ ಕ್ರಿಯಾಪದ, ಅದರಲ್ಲೂ ‘ಇಂಪೆರ್ಫೆಕ್ತೊ’ ಎಂಬ ಭೂತಕಾಲ ತಲೆಗೆ ಹತ್ತುತ್ತಿಲ್ಲ ಅಂತ ಬರೆದಿದ್ದೀ. ನೀನು ಕಳಿಸಿದ ಪಾಠ ಓದಿದೆ. ಹೆದರಬೇಡ ತಾಯಿ, ಅದರ ಅರ್ಧ ನಿನಗೆ ಆಗಲೇ ಗೊತ್ತು.

ನಿನ್ನ ತಲೆ ಬಾಚುತ್ತಿದ್ದವಳು ನಾನು. ನನ್ನದನ್ನು ನಾನೇ ‘ಬಾಚಿಕೊಳ್ಳುತ್ತಿದ್ದೆ’. ನಮ್ಮ ‘ಕೊಳ್ಳು’ ಮಾಡುವ ಕೆಲಸ ಅಲ್ಲಿ ‘ಮೆ, ತೆ, ಸೆ’ಗಳದ್ದು. ‘ಉತ್ತಿದ್ದೆ’ಯ ಕೆಲಸ ‘ಆಬಾ’ದ್ದು. ಪೇಯ್ನಾರ್ಸೆ ಎಂದರೆ ತಲೆ ಬಾಚಿಕೊಳ್ಳುವುದು. ಕೊನೆಯ ‘ಸೆ’ಯನ್ನು ಬಿಡಿಸಿ ಮುಂದಕ್ಕೆ ತಾ, ‘ಆರ್’ ತೆಗೆದು ‘ಆಬಾ’ ಹಚ್ಚು: ಮೆ ಪೇಯ್ನಾಬಾ, ತೆ ಪೇಯ್ನಾಬಾಸ್, ಸೆ ಪೇಯ್ನಾಬಾ, ನೋಸ್ ಪೇಯ್ನಾಬಾಮೋಸ್, ಓಸ್ ಪೇಯ್ನಾಬಾಇಸ್, ಸೆ ಪೇಯ್ನಾಬಾನ್. ‘ಓಸ್’ ಸ್ಪೇನ್‌ನವರ ಮಾತು. ಮೆಕ್ಸಿಕೊ, ಪೆರು ಕಡೆಯವರು ‘ನೀವು’ ಎನ್ನುವಲ್ಲೂ ‘ಸೆ ಪೇಯ್ನಾಬಾನ್’ ಅಂತಲೇ ಅನ್ನುತ್ತಾರೆ.

ಒಂದು ಕಡೆ ಎಚ್ಚರ. ಬಾಚಿಕೊಳ್ಳುತ್ತಿದ್ದೆ, ಬಾಚಿಕೊಳ್ಳುತ್ತಿದ್ದಳು: ನಮ್ಮಲ್ಲಿ ಪದದ ಕೊನೆಯೇ ಯಾರೆಂದು ಹೇಳಿಬಿಡುತ್ತದೆ. ಅಲ್ಲಿ ನನಗೂ ಅವಳಿಗೂ ಪೇಯ್ನಾಬಾ ಒಂದೇ. ‘ಮೆ’ ಬಿಟ್ಟೆಯೋ, ಯಾರು ಯಾರ ತಲೆ ಬಾಚುತ್ತಿದ್ದರೋ ತಿಳಿಯುವುದೇ ಇಲ್ಲ.

‘ಎರ್’, ‘ಇರ್’ ಎಂದು ಮುಗಿಯುವ ಧಾತುಗಳಿಗೆ ‘ಈಆ’ ಹಚ್ಚಬೇಕು. ಪೊನೆರ್ಸೆ ಎಂದರೆ ಹಾಕಿಕೊಳ್ಳುವುದು, ಮುಡಿದುಕೊಳ್ಳುವುದು. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಪ್ರತಿ ವರ್ಷ ಹಡಗಲಿ ಮಲ್ಲಿಗೆ ಮುಡಿದುಕೊಳ್ಳುತ್ತಿದ್ದೆ: ‘ಮೆ ಪೊನೀಆ’. ಒಂದು ಸಲ ಮುಡಿದುಕೊಂಡೆ: ‘ಮೆ ಪೂಸೆ’. ಮೊದಲನೆಯದು ರೂಢಿ, ಎರಡನೆಯದು ಆಗಿ ಮುಗಿದದ್ದು. ನಿನ್ನ ಪಾಠದವರು ಈ ಭೇದಕ್ಕೆ ಎರಡು ಪುಟ ಬರೆದಿದ್ದಾರೆ. ಕೂಡ್ಲಿಗಿಯಿಂದ ಹರಪನಹಳ್ಳಿಯ ತನಕ ‘ಮುಡ್ಕಂತಿದ್ವಿ’, ‘ಮುಡ್ಕಂಡ್ವಿ’ ಅನ್ನುವ ಮಕ್ಕಳು ಅದನ್ನು ಶಾಲೆಗೆ ಹೋಗುವ ಮೊದಲೇ ಬಲ್ಲರು.

ಇನ್ನೊಂದು ನನಗೆ ಬಹಳ ಹಿಡಿಸಿತು. ಸ್ಪ್ಯಾನಿಷ್‌ನವರು ‘ಎನ್ ಎಲ್ ಪೆಲೊ’ ಅನ್ನುತ್ತಾರೆ, ಬರೀ ‘ಕೂದಲಿಗೆ’. ‘ನನ್ನ’ ಸೇರಿಸುವುದಿಲ್ಲ, ಏಕೆಂದರೆ ‘ಮೆ’ಯಲ್ಲೇ ಅದು ಬಂತು. ನಾವೂ ‘ತಲೆಗೆ ಹೂ ಮುಡಿದುಕೊಂಡೆ’ ಅನ್ನುತ್ತೇವೆಯೇ ಹೊರತು ‘ನನ್ನ ತಲೆಗೆ’ ಅನ್ನುವುದಿಲ್ಲ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲೇ ಎಡವುತ್ತಾರೆ. ನೀನು ಕನ್ನಡದ ದಾರಿಯಲ್ಲಿ ಹೋಗು.

ಎಲ್ಲವೂ ಹೀಗೆ ಹೊಂದುವುದಿಲ್ಲ ಅನ್ನು. ‘ಮೆ ಲೆಬಾಂತಾಬಾ’ ಅಂದರೆ ನಮಗೆ ಬರೀ ‘ಏಳುತ್ತಿದ್ದೆ’, ‘ಕೊಳ್ಳು’ ಬೇಕಿಲ್ಲ. ಅಂಥವನ್ನು ಬಾಯಿಪಾಠ ಮಾಡು.

ಇಲ್ಲಿ ರಜೆಯಲ್ಲಿ ನೀನು ದಿನಾ ಏನೇನು ಮಾಡಿಕೊಳ್ಳುತ್ತಿದ್ದೆಯೋ ಅದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ಬರೆದು, ಪಕ್ಕಕ್ಕೆ ಕನ್ನಡವನ್ನೂ ಬರೆದು ಕಳಿಸು. ತಿದ್ದಿ ಕಳಿಸುತ್ತೇನೆ.

ನಿನ್ನ ಅಜ್ಜಿ