ನಾಯಿ ಜೊತೆಗಿರಲಿ, ಹಗ್ಗ ಕೈಯಲ್ಲಿರಲಿ

ನಾಯಿಯನ್ನು ಕರೆದುಕೊಂಡು ಊರಾಚೆಯ ಕಾವಲಿನಲ್ಲಿ ಒಬ್ಬರೇ ಸುತ್ತಿ ಬರುವುದು ಒಳ್ಳೆಯ ಅಭ್ಯಾಸ. ಮೈಗೂ ಹಿತ, ಮನಸ್ಸಿಗೂ ಹಿತ. ಬೇಡ ಎನ್ನುವವಳಲ್ಲ ನಾನು. ಆದರೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಫೋನಿನಲ್ಲಿ ಚಾರ್ಜಿಲ್ಲದೆ, ಯಾರಿಗೂ ಹೇಳದೆ ಹೊರಟುಬಿಡುತ್ತೀರಲ್ಲ, ಅದು ಸರಿಯಲ್ಲ.

ಯಾವ ಕಡೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಮಾತು ಹೇಳಿ. ಕಾಲು ಉಳುಕಿ ಕೂತರೆ ಹುಡುಕಿಕೊಂಡು ಬರುವವರಿಗೆ ದಿಕ್ಕಾದರೂ ಗೊತ್ತಿರಲಿ. 112ಕ್ಕೆ ಕರೆ ಮಾಡುವಷ್ಟು ಚಾರ್ಜು ಇರಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಪ್ರಯೋಜನವಿಲ್ಲ.

ಹೊತ್ತು ನೋಡಿ ಹೊರಡಿ. ತುಮಕೂರು, ರಾಮನಗರದ ಕಡೆಯ ಕುರುಚಲು ಗುಡ್ಡಗಳಲ್ಲಿ ಚಿರತೆಗಳಿವೆ; ನಾಯಿ ಅವಕ್ಕೆ ಸುಲಭದ ತುತ್ತು. ಹಾಗಾಗಿ ನಸುಕಿನಲ್ಲೂ ಬೇಡ, ಮುಸ್ಸಂಜೆಯಲ್ಲೂ ಬೇಡ. ಚೆನ್ನಾಗಿ ಬೆಳಕಾದ ಮೇಲೆ ಹೋಗಿ, ಬಿಸಿಲೇರುವ ಮೊದಲು ಬನ್ನಿ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಬರಿಗೈಯನ್ನು ನೆಲಕ್ಕೆ ಒತ್ತಿ ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಅದರ ಪಾಲಿನ ನೀರು, ಒಂದು ಬಟ್ಟಲು ಚೀಲದಲ್ಲಿರಲಿ.

ಇನ್ನು ಹಗ್ಗದ ಮಾತು. "ನಮ್ಮ ನಾಯಿ ಏನೂ ಮಾಡಲ್ಲ" ಎಂದು ಬಿಚ್ಚಿಬಿಡುತ್ತೀರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಸಣ್ಣ ತಗ್ಗಿನಲ್ಲೇ ಮೊಟ್ಟೆಯಿಡುತ್ತದೆ. ಮಣ್ಣುಬಣ್ಣ, ಮೇಲೆ ಕಪ್ಪು ಮಚ್ಚೆ, ಕಲ್ಲುಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಹಕ್ಕಿ ಚೀರುತ್ತ ನಿಮ್ಮ ತಲೆಯ ಮೇಲೇ ಎರಗಿ ಬಂದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ ಎಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇನ್ನೂ ಎಚ್ಚರ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಂಥ ಕೃಷ್ಣಮೃಗಗಳ ತಾಣಕ್ಕಂತೂ ನಾಯಿಯನ್ನು ಒಯ್ಯಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಅಟ್ಟಿಸುವುದೂ ಬೇಟೆಯೇ.

ಕುರಿಮಂದೆ ಎದುರಾದರೆ ಹಗ್ಗ ಗಿಡ್ಡ ಮಾಡಿ, ಪಕ್ಕಕ್ಕೆ ನಿಂತು ದಾರಿ ಬಿಡಿ. ಮಂದೆ ಕಾಯುವ ನಾಯಿಗಳು ಮೇಲೆ ಬೀಳಬಹುದು. ಕುರಿಗಾಹಿಗೆ ದೂರದಿಂದಲೇ ಕೂಗಿ ಹೇಳಿ, ಅವನೇ ಕರೆದುಕೊಳ್ಳುತ್ತಾನೆ.

ಕಾಲಿಗೆ ಮುಚ್ಚಿದ ಬೂಟು, ಕೈಯಲ್ಲೊಂದು ಕೋಲು ಬೇಕೇ ಬೇಕು. ಒಣಹುಲ್ಲಿನ ಬಣ್ಣಕ್ಕೆ ಹೊಂದಿಕೊಂಡು ಕೊಳಕುಮಂಡಲ ಮಲಗಿರುತ್ತದೆ. ಪೊದೆಗೆ ಕೈ ಹಾಕಬೇಡಿ, ನಾಯಿಗೂ ಮೂತಿ ತೂರಿಸಲು ಬಿಡಬೇಡಿ. ಅಕಸ್ಮಾತ್ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ರಕ್ತ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಆದಷ್ಟು ಅಲುಗಿಸದೆ, ತಡಮಾಡದೆ ವಿಷನಿರೋಧಕ ಚುಚ್ಚುಮದ್ದು ಸಿಗುವ ಆಸ್ಪತ್ರೆ ಸೇರಿ. ನಾಯಿಗೆ ಕಚ್ಚಿದರೆ ಎತ್ತಿಕೊಂಡು ಪಶುವೈದ್ಯರ ಬಳಿಗೆ ಹೋಗಿ.

ಮನೆಗೆ ಬಂದ ಕೂಡಲೇ ಕಾಫಿಗೆ ಕೂರಬೇಡಿ. ಮೊದಲು ನಾಯಿಯ ಬೆರಳ ಸಂದು ಬಿಡಿಸಿ ನೋಡಿ, ನೆಗ್ಗಿಲ ಮುಳ್ಳು ಸಿಕ್ಕಿಕೊಂಡಿರುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣೆ ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ; ಬೆರಳಲ್ಲಿ ಹಿಸುಕಬೇಡಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗಾಗುವುದು ಬೇಡ. ಇವತ್ತೇ ನಾಯಿಯ ಲಸಿಕೆ ಪುಸ್ತಕ ತೆಗೆದು ನೋಡಿ. ರೇಬೀಸ್ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ನಾಳೆ ಮೊದಲು ಪಶು ಆಸ್ಪತ್ರೆ, ಆಮೇಲೆ ಕಾವಲು.