ವಾರದ ರಜೆ ಎಲ್ಲಿಂದ ಬಂತು?



ವಾರಕ್ಕೊಂದು ರಜೆ ಅಂದ್ರೆ ನಮಗೆಲ್ಲ ಮಳೆ ಬಿಸಿಲಿನ ಹಾಗೆ ಮಾಮೂಲಿ ವಿಷಯ. ಬಟ್ಟೆ ಒಗೆದು, ಊರಿಗೆ ಫೋನ್ ಮಾಡಿ, ಮಧ್ಯಾಹ್ನ ಒಂದು ಒಳ್ಳೆ ನಿದ್ದೆ ತೆಗೆದರೆ ದಿನ ಮುಗೀತು. ಆದರೆ ನೂರೈವತ್ತು ವರ್ಷಗಳ ಹಿಂದೆ ನಮ್ಮ ದೇಶದ ಗಿರಣಿ ಕಾರ್ಮಿಕರಿಗೆ ಇಂಥ ದಿನವೇ ಇರಲಿಲ್ಲ. ಅದು ಹೇಗೆ ಬಂತು, ಯಾರು ತಂದರು ಅನ್ನೋದನ್ನು ಈ ಪಾಠದಲ್ಲಿ ನೋಡೋಣ. ಇದನ್ನು ತಿಳಿದವನು ತನ್ನ ರಜೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

1. ಬೊಂಬಾಯಿಯ ಗಿರಣಿಗಳು

ಆಗ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಸೂರ್ಯ ಹುಟ್ಟಿದಾಗ ಕೆಲಸ ಶುರು, ಮುಳುಗಿದಾಗ ಮುಕ್ತಾಯ. ಬೇಸಿಗೆಯಲ್ಲಿ ಹಗಲು ಉದ್ದವಾದರೆ ದುಡಿಮೆಯೂ ಉದ್ದ. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದರೂ ಅದು ಮುಖ್ಯವಾಗಿ ಮಕ್ಕಳ ದುಡಿಮೆಗೆ ಮಿತಿ ಹಾಕಿತು. ದೊಡ್ಡವರ ಕೆಲಸದ ಗಂಟೆಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ನಾರಾಯಣ ಮೇಘಾಜಿ ಲೋಖಂಡೆ ಈ ಕಷ್ಟವನ್ನು ಹತ್ತಿರದಿಂದ ಕಂಡವರು. ಗಿರಣಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅವರು ಆಮೇಲೆ 'ದೀನಬಂಧು' ಪತ್ರಿಕೆಯ ಸಂಪಾದಕರಾದರು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಅವರ ಒಡನಾಡಿಯಾಗಿದ್ದರು. 1884ರ ಸೆಪ್ಟೆಂಬರ್‌ನಲ್ಲಿ ಲೋಖಂಡೆ ಕಾರ್ಮಿಕರ ಸಭೆ ಕರೆದು ಒಂದು ಮನವಿ ಸಿದ್ಧಪಡಿಸಿದರು. ಸುಮಾರು 5,500 ಮಂದಿ ಅದಕ್ಕೆ ಒಪ್ಪಿಗೆ ಹಾಕಿದರು. ಅದರಲ್ಲಿದ್ದ ಬೇಡಿಕೆಗಳು ಹೀಗಿದ್ದವು:

- ಭಾನುವಾರ ಪೂರ್ತಿ ರಜೆ ಬೇಕು.
- ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು.
- ಬೆಳಗ್ಗೆ 6.30ಕ್ಕೆ ಕೆಲಸ ಆರಂಭವಾಗಿ ಸೂರ್ಯಾಸ್ತಕ್ಕೆ ನಿಲ್ಲಬೇಕು.
- ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ ಕೈಸೇರಬೇಕು.
- ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಸಿಗಬೇಕು.

ಓದಿ ನೋಡಿ. ರಜೆ, ಬಿಡುವು, ಸಮಯಕ್ಕೆ ಸಂಬಳ, ಗಾಯಕ್ಕೆ ಪರಿಹಾರ. ಇವತ್ತು ನಮ್ಮ ಕ್ಯಾಂಪಿನಲ್ಲಿ ಮಾತಾಡುವುದೂ ಇದನ್ನೇ ಅಲ್ವಾ?

ಮನವಿ ಕೊಟ್ಟ ಮಾರನೇ ದಿನ ಏನೂ ಬದಲಾಗಲಿಲ್ಲ. ಆರು ವರ್ಷ ಬಿಡದೆ ಕೇಳಬೇಕಾಯಿತು. 1890ರ ಏಪ್ರಿಲ್ 24ರಂದು ಸುಮಾರು 10,000 ಕಾರ್ಮಿಕರು ಸಭೆ ಸೇರಿದರು. ಇಬ್ಬರು ಹೆಣ್ಣುಮಕ್ಕಳೂ ಎದ್ದು ನಿಂತು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. 1891ರ ಕಾರ್ಖಾನೆ ಕಾಯ್ದೆ ಆ ರಜೆಯನ್ನು ಕಾನೂನಾಗಿ ಮಾಡಿತು. ಲೋಖಂಡೆ 1897ರಲ್ಲಿ ತೀರಿಕೊಂಡರು. 2005ರಲ್ಲಿ ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆ ಚೀಟಿ ಹೊರಡಿಸಿತು.

2. ಎಂಟು ಗಂಟೆಯ ಕೂಗು ಮತ್ತು ಮೇ 1

ವಾರದ ರಜೆಯ ಜೊತೆಗೆ ದಿನದ ಕೆಲಸಕ್ಕೂ ಒಂದು ಮಿತಿ ಬೇಕಲ್ಲ? ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಲ್ಲುಕುಟಿಗರು 1856ರಲ್ಲೇ ಕೆಲಸ ನಿಲ್ಲಿಸಿ ಎಂಟು ಗಂಟೆಯ ದಿನವನ್ನು ಪಡೆದರು. ಅಮೆರಿಕದಲ್ಲಿ 1886ರ ಮೇ 1ರಂದು ಇದೇ ಬೇಡಿಕೆಗೆ ಲಕ್ಷಾಂತರ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಮೇ 3ರಂದು ಷಿಕಾಗೋದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಮರುದಿನ ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಯಾರೋ ಬಾಂಬ್ ಎಸೆದರು. ಪೊಲೀಸರೂ ಸತ್ತರು, ಕಾರ್ಮಿಕರೂ ಸತ್ತರು.

ಬಾಂಬ್ ಎಸೆದವರು ಯಾರು ಅಂತ ಪತ್ತೆಯಾಗದಿದ್ದರೂ ಎಂಟು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಆರು ಜನ ಜರ್ಮನಿ, ಇಂಗ್ಲೆಂಡ್‌ಗಳಿಂದ ದುಡಿಯಲು ಬಂದವರು, ನಮ್ಮ ಹಾಗೆ ಹೊರದೇಶದವರು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಒಬ್ಬರು ಅದಕ್ಕೂ ಮುಂಚೆ ಜೈಲಿನಲ್ಲೇ ಸತ್ತರು. ಉಳಿದ ಮೂವರನ್ನು 1893ರಲ್ಲಿ ಆ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್, ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಎಂದು ಹೇಳಿ ಬಿಡುಗಡೆ ಮಾಡಿದರು.

1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಕಾರ್ಮಿಕ ಪ್ರತಿನಿಧಿಗಳು ಮುಂದಿನ ವರ್ಷ ಮೇ 1ರಂದು ಎಲ್ಲ ದೇಶಗಳಲ್ಲೂ ಎಂಟು ಗಂಟೆಯ ಬೇಡಿಕೆ ಮೊಳಗಲಿ ಎಂದು ತೀರ್ಮಾನಿಸಿದರು. ಮೇ ದಿನ ಹುಟ್ಟಿದ್ದು ಹೀಗೆ. ವಿಚಿತ್ರ ನೋಡಿ, ಅಮೆರಿಕದಲ್ಲೇ ಮೇ 1 ರಜೆ ಇಲ್ಲ. ಅಲ್ಲಿ 1894ರಿಂದ ಸೆಪ್ಟೆಂಬರ್‌ನ ಮೊದಲ ಸೋಮವಾರ ಕಾರ್ಮಿಕರ ದಿನ. ಭಾರತದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಮದರಾಸಿನಲ್ಲಿ ಸಿಂಗಾರವೇಲರ್ ಆಚರಿಸಿದರು. ಈಗ ಕರ್ನಾಟಕದಲ್ಲಿ ಅದು ಸಂಬಳ ಸಹಿತ ರಜೆ.

3. ಇವತ್ತು ನಿಮ್ಮ ಕೈಲಿರುವುದು

ಯುಎಇಯಲ್ಲಿ ಮೇ 1 ರಜೆ ಇಲ್ಲದಿರಬಹುದು. ಆದರೆ ಅಂದು ಕೇಳಿದ ಎಂಟು ಗಂಟೆಯೂ ವಾರದ ರಜೆಯೂ ಇಲ್ಲಿನ ಕಾನೂನಿನಲ್ಲಿವೆ. ಖಾಸಗಿ ಕಂಪನಿ ಕೆಲಸಗಾರರಿಗೆ ಅನ್ವಯಿಸುವ ನಿಯಮಗಳು ಹೀಗಿವೆ:

- ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ.
- ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಒಟ್ಟು ಒಂದು ಗಂಟೆಗೆ ಕಡಿಮೆಯಿಲ್ಲದ ಬಿಡುವು ಕೊಡಬೇಕು.
- ವಾರಕ್ಕೆ ಕನಿಷ್ಠ ಒಂದು ದಿನ ಸಂಬಳ ಸಹಿತ ರಜೆ. ಆ ದಿನ ದುಡಿಸಿದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಮೇಲೆ ಬೇಸಿಕ್‌ನ ಕನಿಷ್ಠ ಶೇ 50 ಸೇರಿಸಿ ಕೊಡಬೇಕು.
- ಓಟಿಗೆ ಬೇಸಿಕ್ ಲೆಕ್ಕದ ಮೇಲೆ ಕನಿಷ್ಠ ಶೇ 25 ಹೆಚ್ಚು. ರಾತ್ರಿ 10ರಿಂದ ಬೆಳಗ್ಗೆ 4ರ ನಡುವಿನ ಓಟಿಗೆ ಶೇ 50. ಪಾಳಿ ಕೆಲಸದವರಿಗೆ ಈ ರಾತ್ರಿ ದರ ಅನ್ವಯಿಸುವುದಿಲ್ಲ.
- ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಬಯಲು ಕೆಲಸ ನಿಷೇಧ.

ಮನೆಗೆಲಸದವರಿಗೆ ಬೇರೆ ಕಾನೂನು ಇದೆ. ಅದರಲ್ಲೂ ವಾರಕ್ಕೊಂದು ಸಂಬಳ ಸಹಿತ ರಜೆ ಇದೆ.

ಒಂದು ಲೆಕ್ಕ ಮಾಡೋಣ. ನಿಮ್ಮ ಬೇಸಿಕ್ 1,200 ದಿರಹಂ ಅಂತಿಟ್ಟುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 40, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 5. ಹಗಲಿನ ಒಂದು ಗಂಟೆ ಓಟಿಗೆ 6.25 ದಿರಹಂ ಬರಬೇಕು, ರಾತ್ರಿಯಾದರೆ 7.50. ಸಂಬಳದ ಚೀಟಿ ಬಂದಾಗ ಈ ಲೆಕ್ಕದ ಜೊತೆ ತಾಳೆ ನೋಡಿ.

4. ಲೆಕ್ಕ ಬರೆದಿಡಿ

ಇಲ್ಲಿನ ಕಾನೂನಿನಲ್ಲಿ ಸಂಘ ಕಟ್ಟಲು, ಮುಷ್ಕರ ಹೂಡಲು ಅವಕಾಶವಿಲ್ಲ. ಯಾರಾದರೂ ಆವೇಶದ ಮಾತಾಡಿದರೆ ದುಡುಕಬೇಡಿ. ದೂರು ಕೊಡುವ ದಾರಿ ಇದೆ: ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯ. ಸಲಹೆ ಬೇಕಾದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ.

ಆದರೆ ಬರಿಗೈಯಲ್ಲಿ ಹೋದರೆ ಮಾತಿಗೆ ತೂಕ ಇರೋದಿಲ್ಲ. ಬೊಂಬಾಯಿಯವರು ಬಾಯಿಮಾತಿನಲ್ಲಿ ಗೊಣಗಿ ಸುಮ್ಮನಾಗಲಿಲ್ಲ, ಏನು ಬೇಕು ಎಂಬುದನ್ನು ಬರೆದು ಕೊಟ್ಟರು. ನೀವೂ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಮಲಗುವ ಮುಂಚೆ ತಾರೀಕು, ಯಾವ ಸೈಟು, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗೀತು, ರಜೆ ಸಿಕ್ಕಿತೋ ಇಲ್ಲವೋ, ಇಷ್ಟು ಬರೆದರೆ ಸಾಕು. ಟೈಮ್ ಶೀಟ್, ಸಂಬಳದ ಚೀಟಿ, ಒಪ್ಪಂದದ ಪ್ರತಿಗಳ ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ. ಬರೆಯಲು ಬಾರದ ಗೆಳೆಯರಿದ್ದರೆ ಅವರ ಲೆಕ್ಕವನ್ನು ನೀವೇ ಬರೆದುಕೊಡಿ.

"ರಜೆ ತಗೊಂಡು ಏನ್ಮಾಡೋದು, ನಾಲ್ಕು ಕಾಸು ಹೆಚ್ಚಾಗಲಿ" ಅಂತ ನಾವೇ ಎಷ್ಟೋ ಸಲ ಹೇಳುತ್ತೇವೆ. ಊರಿನ ಸಾಲ, ತಂಗಿಯ ಮದುವೆ, ಮಕ್ಕಳ ಫೀಸು ಎಲ್ಲ ಕಣ್ಣ ಮುಂದೆ ಇರುತ್ತದೆ, ನಿಜ. ದುಡಿಯುವುದಾದರೆ ದುಡಿಯಿರಿ, ಆದರೆ ಆ ದಿನದ ಪೂರ್ತಿ ಬೆಲೆ ಕೇಳಿ ಪಡೆಯಿರಿ. ದಣಿದ ಮೈ ಎತ್ತರದ ಮೇಲೆ ಕಾಲು ಜಾರಿದರೆ ಯಾವ ಓಟಿಯೂ ಅದನ್ನು ತುಂಬಿಕೊಡುವುದಿಲ್ಲ.

ರೂಮಿನಲ್ಲಿ ಕೂತು ಚರ್ಚಿಸಿ

1. ಲೋಖಂಡೆಯವರ ಬೇಡಿಕೆಗಳಲ್ಲಿ ಯಾವುವು ಇಂದು ನಿಮಗೆ ಪೂರ್ತಿ ಸಿಗುತ್ತಿವೆ?
2. ಕಳೆದ ನಾಲ್ಕು ವಾರಗಳಲ್ಲಿ ನಿಮಗೆ ಎಷ್ಟು ರಜೆ ಸಿಕ್ಕಿತು? ರಜೆ ದಿನ ದುಡಿದಿದ್ದರೆ ಬದಲಿಗೆ ಏನು ಸಿಕ್ಕಿತು?
3. ನಿಮ್ಮ ಬೇಸಿಕ್ ಎಷ್ಟು? ಒಂದು ಗಂಟೆ ಓಟಿಗೆ ಎಷ್ಟಾಗಬೇಕು ಎಂದು ಈಗಲೇ ಲೆಕ್ಕ ಹಾಕಿ.