ಕಾಣಿಕೆ ಪೆಟ್ಟಿಗೆಯ ಎದುರು: ಕಿರಿಯ ಸಭಾಪಾಲಕನಿಗೊಂದು ಪತ್ರ



ನಿನ್ನ ಕಾಗದವೂ, ಸುಗ್ಗಿ ಹಬ್ಬದ ಪ್ರಸಂಗಕ್ಕೆಂದು ಬರೆದಿಟ್ಟ ಟಿಪ್ಪಣಿಯೂ ತಲುಪಿದವು. ಬಡ ವಿಧವೆಯ ಎರಡು ಕಾಸಿನ ಮೇಲೆ ಇಷ್ಟೊಂದು ಪುಟ! ಶ್ರಮಪಟ್ಟಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ವ್ಯಾಖ್ಯಾನಕಾರರಲ್ಲಿ ಬಾರ್ಕ್ಲೇ ಇದ್ದಾರೆ, ಮ್ಯಾಥ್ಯೂ ಹೆನ್ರಿ ಇದ್ದಾರೆ, ಯೂಟ್ಯೂಬಿನಲ್ಲಿ ಕೇಳಿದ ಯಾರದೋ ಮೂರು ಅಂಶಗಳೂ ಇವೆ. ಇಷ್ಟು ಓದಿಕೊಂಡು ಹೋದರೂ ಜನ ಗಡಿಯಾರ ನೋಡುತ್ತಾರಲ್ಲ ಎಂದು ಕೊರಗಿದ್ದೀಯ. ನೋಡದೆ ಇನ್ನೇನು ಮಾಡುತ್ತಾರೆ ಮಾರಾಯ? ಈ ಪುಟಗಳಲ್ಲಿ ಎಲ್ಲರೂ ಇದ್ದಾರೆ, ಆ ಹೆಂಗಸೊಬ್ಬಳನ್ನು ಬಿಟ್ಟು.

ಟಿಪ್ಪಣಿಯನ್ನು ಸದ್ಯಕ್ಕೆ ಬೀರುವಿನಲ್ಲಿಡು, ಗುರುವಾರದವರೆಗೆ ತೆಗೆಯಬೇಡ. ಸತ್ಯವೇದವೊಂದನ್ನೇ ಹಿಡಿದು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ 38ನೇ ವಚನದಿಂದ 13ನೇ ಅಧ್ಯಾಯದ 2ನೇ ವಚನದವರೆಗೆ ಗಟ್ಟಿಯಾಗಿ ಓದು, ಒಳಗೆ ಕೆಲಸ ಮಾಡುತ್ತಿರುವ ಅಮ್ಮನವರಿಗೂ ಕೇಳುವ ಹಾಗೆ. ನೀನು 41ಕ್ಕೆ ಶುರು ಮಾಡಿ 44ಕ್ಕೆ ನಿಲ್ಲಿಸಿದ್ದೀಯ. ಆದರೆ ಅಧ್ಯಾಯದ ಗೆರೆ ಮಾರ್ಕ ಎಳೆದದ್ದಲ್ಲ. ನಾವು ಬಳಸುವ ಅಧ್ಯಾಯಗಳು 13ನೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದ ವಿಂಗಡಣೆ. ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಹಾಕಿದವನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಅದಕ್ಕೂ ಮುಂಚೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಸಭೆ ಈ ಅಂಕಿಗಳಿಲ್ಲದೆಯೇ ವಾಕ್ಯ ಕೇಳಿದೆ.

ಗೆರೆ ಅಳಿಸಿಕೊಂಡು ಓದಿದರೆ ಮೊದಲು ಎದುರಾಗುವವರು ಶಾಸ್ತ್ರಿಗಳು. ನಿಲುವಂಗಿ ತೊಟ್ಟು ತಿರುಗಾಡುವವರು, ಪೇಟೆಯಲ್ಲಿ ಜನ ಕೈಮುಗಿಯಲಿ ಎಂದು ಬಯಸುವವರು, ಸಭಾಮಂದಿರದಲ್ಲಿ ಮುಂದಿನ ಪೀಠ, ಔತಣದಲ್ಲಿ ಮೊದಲ ಪಂಕ್ತಿ ಬೇಕೆನ್ನುವವರು. ಉದ್ದುದ್ದ ಪ್ರಾರ್ಥನೆ ಮಾಡುತ್ತಲೇ ವಿಧವೆಯರ ಮನೆ ನುಂಗುವವರು. ಇವರ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸು ಹೇಳಿ ಮುಗಿಸುತ್ತಿದ್ದ ಹಾಗೆಯೇ ಒಬ್ಬ ವಿಧವೆ ಬಂದು ಕೈಯಲ್ಲಿದ್ದ ಕಡೆಯ ಕಾಸನ್ನೂ ಹಾಕಿ ಹೋಗುತ್ತಾಳೆ. ಅವಳ ಹಿಂದೆಯೇ ಶಿಷ್ಯನೊಬ್ಬ ದೇವಾಲಯದ ಕಲ್ಲುಗಳನ್ನು ನೋಡಿ ಬೆರಗಾಗುತ್ತಾನೆ. ಇದೆಲ್ಲ ಕೆಡವಲ್ಪಡುತ್ತದೆ ಎಂದು ಯೇಸು ಉತ್ತರ ಕೊಡುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಅದನ್ನು ಕೆಡವಿಯೂ ಬಿಟ್ಟಿತು. ಅವಳು ತನ್ನ ಜೀವನವನ್ನೆಲ್ಲ ಹಾಕಿದ್ದು ಆ ಕಟ್ಟಡದ ಪೆಟ್ಟಿಗೆಗೆ. ಮಾರ್ಕ ಇವನ್ನು ಸುಮ್ಮನೆ ಒಂದರ ಪಕ್ಕ ಒಂದು ಇಟ್ಟಿರಬಹುದೇ? ಲೂಕನೂ ಇದೇ ಸಾಲಿನಲ್ಲಿ ಇಟ್ಟಿದ್ದಾನೆ. ಮತ್ತಾಯನಲ್ಲಿ ಶಾಸ್ತ್ರಿಗಳಿಗೆ ಅಯ್ಯೋ ಎನ್ನುವ ಮಾತು ಒಂದು ಪೂರ್ತಿ ಅಧ್ಯಾಯವಾಗಿ ಬೆಳೆದಿದೆ, ವಿಧವೆಯ ಸುದ್ದಿಯೇ ಇಲ್ಲ.

ಇನ್ನು ಆ ನಾಲ್ಕು ವಚನಗಳಿಗೆ ಬಾ. ಆತುರ ಬೇಡ, ಒಂದು ಸಂಜೆ ಪೂರ್ತಿ ಕೊಡು. ಯೇಸು ಪೆಟ್ಟಿಗೆಯ ಎದುರಿಗೆ ಕೂತಿದ್ದಾನೆ. ಜನ ಎಷ್ಟು ಹಾಕುತ್ತಾರೆ ಎನ್ನುವುದಕ್ಕಿಂತ ಹೇಗೆ ಹಾಕುತ್ತಾರೆ ಎಂದು ನೋಡುತ್ತಿದ್ದಾನೆ. ಅವಳ ಎರಡು ಕಾಸು ರೋಮನ್ನರ ಒಂದು ಕೊದ್ರಾಂತ. ಹಣದ ಲೆಕ್ಕದಲ್ಲಿ ಒಂದು ದೆನಾರಿಯ 64ರಲ್ಲಿ ಒಂದು ಪಾಲು. ದೆನಾರಿ ಅಂದರೆ ಒಂದು ದಿನದ ಕೂಲಿ. ನಿನ್ನ ಊರಿನಲ್ಲಿ ಆಳಿನ ದಿನಗೂಲಿ 640 ರೂಪಾಯಿ ಎಂದುಕೊಂಡರೆ ಅವಳು ಹಾಕಿದ್ದು 10 ರೂಪಾಯಿ. ಎರಡು ನಾಣ್ಯವಿತ್ತು, ಒಂದನ್ನು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಯೇಸು ಅವಳನ್ನು ಕರೆದು ಮಾತಾಡಿಸುವುದಿಲ್ಲ, ಶಿಷ್ಯರನ್ನು ಕರೆದು ಅವಳ ವಿಷಯ ಹೇಳುತ್ತಾನೆ. ಎಲ್ಲರಿಗಿಂತ ಹೆಚ್ಚು ಹಾಕಿದ್ದಾಳೆ ಎನ್ನುತ್ತಾನೆ. ನೀವೂ ಹೋಗಿ ಹಾಗೇ ಮಾಡಿರಿ ಎಂದು ಮಾತ್ರ ಎಲ್ಲಿಯೂ ಇಲ್ಲ. ನಿನ್ನ ಟಿಪ್ಪಣಿಯ ಮೂರನೆಯ ಅಂಶ ಪೂರ್ತಿ ನಿಂತಿರುವುದು ಆ ಇಲ್ಲದ ಮಾತಿನ ಮೇಲೆ.

ಇನ್ನೊಂದು ನೋಡು. ಧರ್ಮೋಪದೇಶಕಾಂಡ 14ನೇ ಅಧ್ಯಾಯದ ಕೊನೆಯಲ್ಲಿ ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಊರಲ್ಲೇ ಕೂಡಿಸಿಡಬೇಕು ಎಂಬ ಕಟ್ಟಳೆ ಇದೆ. ಯಾರಿಗೆಂದು? ಲೇವಿಯರು, ಪರದೇಶಿಗಳು, ತಾಯಿತಂದೆಯಿಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬ ಉಣ್ಣಲಿ ಎಂದು. ಅಂದರೆ ಆ ಹೆಂಗಸು ಧರ್ಮಶಾಸ್ತ್ರದ ಪ್ರಕಾರ ಪಡೆಯಬೇಕಾದವಳು. ಕಾಣಿಕೆ ಪೆಟ್ಟಿಗೆಯ ಮುಂದೆ ಅವಳ ಕೈ ಬರಿದಾಗುತ್ತಿದೆ, ಪಕ್ಕದಲ್ಲಿ ಧರ್ಮಶಾಸ್ತ್ರ ಬಲ್ಲವರು ಓಡಾಡುತ್ತಿದ್ದಾರೆ. ಸುಗ್ಗಿ ಹಬ್ಬದ ದಿನ ಓದುವುದಕ್ಕೆ ಈ ಎರಡು ಪಾಠಗಳನ್ನು ಜೋಡಿಸಿದರೆ ಅರ್ಧ ಪ್ರಸಂಗ ತಾನಾಗಿ ಆಯಿತು.

ಗುರುವಾರ ಬಂದ ಮೇಲೆ ವ್ಯಾಖ್ಯಾನಗಳನ್ನು ತೆಗೆ. ಆಗ ಅವು ನಿನ್ನ ಕಣ್ಣಿಗೆ ಬಿದ್ದದ್ದನ್ನು ತಿದ್ದುತ್ತವೆ, ಇಲ್ಲವೇ ಗಟ್ಟಿ ಮಾಡುತ್ತವೆ. ಇಲ್ಲಿಯೂ ಒಂದು ಜಗಳವಿದೆ, ತಿಳಿದಿರು. ಆಡಿಸನ್ ರೈಟ್ ಎಂಬ ಪಂಡಿತರು 1982ರಲ್ಲಿ ಒಂದು ಲೇಖನ ಬರೆದು, ಯೇಸು ಅವಳನ್ನು ಹೊಗಳುತ್ತಿಲ್ಲ, ಅವಳನ್ನು ಆ ಗತಿಗೆ ತಂದ ಧರ್ಮವ್ಯವಸ್ಥೆಯನ್ನು ಕಂಡು ಮರುಗುತ್ತಿದ್ದಾನೆ ಎಂದು ವಾದಿಸಿದರು. ಒಪ್ಪದವರೂ ಬೇಕಾದಷ್ಟು ಮಂದಿ. ನನ್ನ ಅಭಿಪ್ರಾಯ ಕೇಳಿದರೆ, ಮರುಕವೂ ಇದೆ, ಮೆಚ್ಚಿಗೆಯೂ ಇದೆ; ಅವಳ ಭಕ್ತಿಯನ್ನು ಬರೀ ಮೋಸಹೋದದ್ದು ಎಂದು ತಳ್ಳಿಹಾಕಿದರೆ ಅವಳಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ಆದರೆ ಈ ವಾದವಿವಾದ ಪ್ರಸಂಗಪೀಠಕ್ಕೆ ಬರಬೇಕಾಗಿಲ್ಲ. ರೈಟ್ ಅವರ ಹೆಸರೂ ಬೇಡ. ದೇವಾಲಯದಲ್ಲಿ ಕಹಳೆಯ ಆಕಾರದ 13 ಪೆಟ್ಟಿಗೆಗಳಿದ್ದವು ಎಂದು ಯೆಹೂದ್ಯರ ಮಿಷ್ನಾ ಹೇಳುತ್ತದೆ, ನೀನು ಅದಕ್ಕೆ ಒಂದು ಪುಟ ಕೊಟ್ಟಿದ್ದೀಯ. ಸಾಹುಕಾರರ ನಾಣ್ಯ ಬಿದ್ದಾಗ ಸದ್ದಾಗುತ್ತಿತ್ತು, ಅವಳದಕ್ಕೆ ಅಷ್ಟೇನೂ ಆಗಿರಲಾರದು ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗು. ಸೌದೆ ಒಡೆದದ್ದನ್ನೂ ಹೊಗೆ ಊದಿದ್ದನ್ನೂ ಊಟಕ್ಕೆ ಕೂತವರ ಎಲೆಗೆ ಯಾರೂ ಬಡಿಸುವುದಿಲ್ಲ.

ಹದ್ದಿನ ಕಥೆಯನ್ನಂತೂ ದಯವಿಟ್ಟು ಕಿತ್ತುಹಾಕು. ನಲವತ್ತು ವರ್ಷಕ್ಕೆ ಹದ್ದು ಬೆಟ್ಟ ಹತ್ತಿ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು ಹೊಸ ಕೊಕ್ಕು ಬರಿಸಿಕೊಳ್ಳುತ್ತದೆ ಎನ್ನುವುದು ಶುದ್ಧ ಸುಳ್ಳು. ಕೊಕ್ಕಿಲ್ಲದ ಹದ್ದು ಹಸಿವಿನಿಂದ ಸಾಯುತ್ತದೆ. ವಾಟ್ಸಾಪಿನಲ್ಲಿ ಬಂದದ್ದು ವೇದಿಕೆ ಹತ್ತಿದರೆ, ಹೈಸ್ಕೂಲು ಓದುವ ಹುಡುಗ ಅಲ್ಲೇ ಮೊಬೈಲಿನಲ್ಲಿ ನೋಡಿ, ಪಾದ್ರಿಯವರ ಉಳಿದ ಮಾತೂ ಹೀಗೆಯೇ ಇರಬೇಕು ಅಂದುಕೊಳ್ಳುತ್ತಾನೆ.

ಈಗ ಕಷ್ಟದ ಭಾಗ. ನಿಲುವಂಗಿ ತೊಟ್ಟವರು ಎಂದು ಓದುವಾಗ ಆ ಭಾನುವಾರ ಗುಡಿಯಲ್ಲಿ ನಿಲುವಂಗಿ ತೊಟ್ಟಿರುವವನು ಯಾರು? ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯುವುದು ಯಾರನ್ನು? ಸಂತೆಯಲ್ಲಿ ಅಯ್ಯನವರೇ ಎಂದು ಕೈಮುಗಿಯುವುದು ಯಾರಿಗೆ? ನಿನ್ನ ಟಿಪ್ಪಣಿಯಲ್ಲಿ ಶಾಸ್ತ್ರಿಗಳು ಎರಡು ಸಾವಿರ ವರ್ಷದ ಹಿಂದಿನ ಬೇರೆ ಜನ. ಆ ವಚನ ಮೊದಲು ಬೀಳುವುದು ನಿನ್ನ ಮೇಲೆ, ನನ್ನ ಮೇಲೆ. ಇದನ್ನು ನೀನು ಮನೆಯಲ್ಲೇ ಒಪ್ಪಿಕೊಂಡು ಬಂದಿದ್ದರೆ ಪೀಠದ ಮೇಲೆ ದನಿ ಏರಿಸಬೇಕಾಗುವುದಿಲ್ಲ, ಪ್ರಿಯರೇ ಪ್ರಿಯರೇ ಎಂದು ಮಾತುಮಾತಿಗೆ ಕರೆಯಬೇಕಾಗುವುದಿಲ್ಲ, ಹಲ್ಲೆಲೂಯಾ ಹೇಳಿ ಎಂದು ಜನರನ್ನು ಎಬ್ಬಿಸಬೇಕಾಗುವುದಿಲ್ಲ.

ಶುಕ್ರವಾರ ಮನೆ ಭೇಟಿಗೆ ಹೋಗುತ್ತೀಯಲ್ಲ, ಗಂಡ ತೀರಿಕೊಂಡ ಅಕ್ಕಂದಿರ ಮನೆಗೆ ಹೋಗು. ಪ್ರಸಂಗಕ್ಕೆ ಉದಾಹರಣೆ ಹೆಕ್ಕುವುದಕ್ಕಲ್ಲ. ಅವರ ಹೆಸರು, ಅವರ ಕಷ್ಟ ಪೀಠದ ಮೇಲೆ ಬರಕೂಡದು. ಪಿಂಚಣಿ ಬಂತೇ, ರೇಷನ್ ಸಿಕ್ಕಿತೇ, ಮಗನ ಕೆಲಸ ಏನಾಯಿತು ಎಂದು ಕೇಳಿ ಎದ್ದು ಬಾ. ಸುಗ್ಗಿ ಹಬ್ಬದ ದಿನ ಅವರು ಕುಂಬಳಕಾಯಿಯನ್ನೋ ನಾಲ್ಕು ಮೊಟ್ಟೆಯನ್ನೋ ತರುತ್ತಾರೆ, ಹರಾಜಿನಲ್ಲಿ ಅದನ್ನು ಇನ್ಯಾರೋ ಕೂಗಿ ಕೊಳ್ಳುತ್ತಾರೆ, ಹಣ ಕಾಂಪೌಂಡ್ ಗೋಡೆಗೆ ಹೋಗುತ್ತದೆ. ಅವರ ಕಿವಿಯಲ್ಲಿ ನಿನ್ನ ಪ್ರಸಂಗ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ, ಆಮೇಲೆ ಬರೆಯಲು ಕೂರು. ಎಷ್ಟು ಇದ್ದರೂ ಕೊಡಿ ಎಂದೇ ಅವರಿಗೆ ಕೇಳಿಸಿದರೆ ಮಾರ್ಕನ ಆ ಪುಟವನ್ನು ನಾವು ತಿರುವಿಹಾಕಿದಂತೆ.

ಬರೆಯುವುದೂ ತೀರ ಕಡಿಮೆ. ಈ ಭಾನುವಾರ ಹೇಳಲೇಬೇಕಾದದ್ದು ಏನು ಎಂಬುದು ಒಂದು ವಾಕ್ಯದಲ್ಲಿ ಬರಲಿ. ಅದು ಬರುವವರೆಗೆ ಪ್ರಸಂಗ ಶುರು ಮಾಡಬೇಡ, ಅದಕ್ಕೆ ಸೇರದ್ದನ್ನು ಎಷ್ಟೇ ಚೆನ್ನಾಗಿದ್ದರೂ ಬೇರೊಂದು ಪುಸ್ತಕದಲ್ಲಿ ಬರೆದಿಡು. ಶನಿವಾರ ಕಾಗದ ಬಿಟ್ಟು ಬಾಯಲ್ಲಿ ಹೇಳಿ ನೋಡು. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ನಿನಗೇ ಇನ್ನೂ ಅರ್ಥವಾಗಿಲ್ಲ. ಇಪ್ಪತ್ತು ನಿಮಿಷ ಸಾಕು.

ಹಳಬರಲ್ಲಿ ಒಬ್ಬರನ್ನು ಓದು ಎಂದರೆ ನಾನು ಯೋಹಾನ ಕ್ರಿಸೊಸ್ತೋಮರ ಹೆಸರು ಹೇಳುತ್ತೇನೆ. ಮತ್ತಾಯನ ಸುವಾರ್ತೆಯ ಮೇಲೆ ಅವರ 90 ಪ್ರಸಂಗಗಳು ಉಳಿದಿವೆ. ಐವತ್ತನೆಯದನ್ನು ತೆರೆ. ಪೇತ್ರ ನೀರಿನ ಮೇಲೆ ನಡೆದದ್ದು, ಗೆನೆಜರೇತಿನ ರೋಗಿಗಳು ಯೇಸುವಿನ ಉಡುಪಿನ ಅಂಚನ್ನು ಮುಟ್ಟಿದ್ದು, ಎಲ್ಲವನ್ನೂ ವಚನ ವಚನವಾಗಿ ಬಿಡಿಸುತ್ತಾರೆ. ಅಂಚನ್ನು ಮುಟ್ಟಿದವರಿಂದ ಕರ್ತನ ಮೇಜಿಗೆ, ಮೇಜಿನಿಂದ ಅದರ ಮೇಲಿನ ಚಿನ್ನದ ಬಟ್ಟಲಿಗೆ, ಬಟ್ಟಲಿನಿಂದ ಹೊರಗೆ ಹಸಿದು ನಿಂತವರಿಗೆ ಬಂದು ಮುಟ್ಟುತ್ತಾರೆ. ಆ ದಾರಿಯಲ್ಲಿ ಎಲ್ಲಿ ಹೆಜ್ಜೆ ಇಟ್ಟರು, ಯಾವುದನ್ನು ಹಾರಿಸಲಿಲ್ಲ ಎಂದು ಪೆನ್ಸಿಲ್ ಹಿಡಿದು ಗುರುತು ಮಾಡಿಕೋ.

ಒಂದು ವ್ಯವಹಾರದ ಮಾತು. ಹರಾಜಿನ ಹಣದಲ್ಲಿ ಒಂದು ಪಾಲನ್ನು ಸಭೆಯ ವಿಧವೆಯರಿಗೆ ಎತ್ತಿಡುವ ವಿಚಾರ ನಿನ್ನ ಮನಸ್ಸಿಗೆ ಬಂದರೆ ಅದನ್ನು ಪೀಠದ ಮೇಲಿಂದ ಮೊದಲ ಸಲ ಹೇಳಬೇಡ. ಖಜಾಂಚಿಯವರನ್ನೂ ಕಮಿಟಿಯವರನ್ನೂ ಮುಂಚಿತವಾಗಿ ಕೂರಿಸಿಕೊಂಡು ಧರ್ಮೋಪದೇಶಕಾಂಡದ ಆ ಎರಡು ವಚನ ಓದಿ ಮಾತಾಡು. ಗೋಡೆಯ ಕೆಲಸ ನಿಂತರೆ ಏನು ಮಾಡುವುದು ಎಂದು ಕೇಳುತ್ತಾರೆ. ಅದಕ್ಕೆ ಲೆಕ್ಕದ ಸಮೇತ ಉತ್ತರ ಇಟ್ಟುಕೊಂಡಿರು.

ಅಮ್ಮನವರಿಗೆ, ಮಕ್ಕಳಿಗೆ ನನ್ನ ವಂದನೆ ತಿಳಿಸು. ಇನ್ನೊಂದು ಸಲ ಟಿಪ್ಪಣಿ ಕಳಿಸಬೇಡ, ಆ ಒಂದು ವಾಕ್ಯ ಸಿಕ್ಕಿದ ದಿನ ಫೋನ್ ಮಾಡು.

ಕರ್ತನ ಸೇವೆಯಲ್ಲಿ,
ನಿನ್ನ ಅಣ್ಣ